ಎಲ್ ರೀನೋದ ಈರುಳ್ಳಿ, ಮದ್ದೂರಿನ ಈರುಳ್ಳಿ

ಅಮೆರಿಕದ ಡಲ್ಲಾಸಿನಿಂದ ಕಾರಿನಲ್ಲಿ ಹೊರಟ ನಾವು ಒಕ್ಲಹೋಮಾ ನಗರವನ್ನು ದಾಟಿ ಪಶ್ಚಿಮಕ್ಕೆ ಸುಮಾರು 45 ಕಿಲೋಮೀಟರ್ ಹೋಗಿ, ಹೆದ್ದಾರಿಯನ್ನು ಬಿಟ್ಟು ಎಲ್ ರೀನೋ ಎಂಬ ಸಣ್ಣ ಊರಿನೊಳಕ್ಕೆ ಹೋದದ್ದು ರಾಬರ್ಟ್ಸ್ ಗ್ರಿಲ್‌ನ ಹ್ಯಾಂಬರ್ಗರ್ ತಿನ್ನುವುದಕ್ಕಾಗಿಯೇ. 1926ರಲ್ಲಿ ಆರಂಭವಾದ ಆ ಅಂಗಡಿ ನಮ್ಮ ಊರುಗಳ ಬಸ್ ನಿಲ್ದಾಣದ ಪಕ್ಕದ ಕಾಫಿ ಹೋಟೆಲಿಗಿಂತ ದೊಡ್ಡದೇನಲ್ಲ. ಕಟ್ಟೆಯ ಮುಂದೆ ಸಾಲಾಗಿ ಸ್ಟೂಲುಗಳಿವೆ, ಅದರಾಚೆ ಹೆಂಚು, ಹೆಂಚಿನ ಹಿಂದೆ ಅಡುಗೆಯವರು.

ಕೊಚ್ಚಿದ ದನದ ಮಾಂಸದ ಉಂಡೆಯನ್ನು ಕಾದ ಹೆಂಚಿಗೆ ಹಾಕಿ, ಎಳೆಎಳೆಯಾಗಿ ಹೆಚ್ಚಿದ ಈರುಳ್ಳಿಯನ್ನು ಅದರ ಮೇಲೆ ಹಿಡಿಗಟ್ಟಲೆ ಸುರಿದು, ದೋಸೆ ಮಗುಚುವ ಕೈಯಂಥದೇ ಸಲಾಕೆಯಿಂದ ಒತ್ತಿದರೆ, ಈರುಳ್ಳಿ ಮಾಂಸದೊಳಕ್ಕೆ ಸೇರಿಕೊಂಡು ಅಂಚುಗಳು ಕಂದಾಗಿ ಗರಿಗರಿಯಾಗುತ್ತವೆ. ಎಲ್ಲವೂ ಒಂದೇ ಹೆಂಚಿನಲ್ಲಿ ಬೇಯುವುದರಿಂದ ದನದ ಮಾಂಸ ಮುಟ್ಟದ ನನ್ನ ಹೆಂಡತಿ ಆಲೂಗಡ್ಡೆಯ ಫ್ರೈಸ್ ಮಾತ್ರ ತಿಂದರು. ನಾನು ಎರಡು ಬರ್ಗರ್ ತಿಂದೆ.

ಈ ರುಚಿಯ ಹಿಂದಿರುವುದು ಬಡತನ. ಎಲ್ ರೀನೋ ರೈಲ್ವೆಯನ್ನು ನಂಬಿದ್ದ ಊರು. 1922ರಲ್ಲಿ ಅಮೆರಿಕದಾದ್ಯಂತ ರೈಲ್ವೆ ಕಾರ್ಖಾನೆಗಳ ಕಾರ್ಮಿಕರು ಮುಷ್ಕರ ಹೂಡಿದಾಗ ಇಲ್ಲಿನ ಮನೆಗಳಿಗೂ ಸಂಬಳ ನಿಂತಿತು. ಮಾಂಸ ದುಬಾರಿಯಾಗಿ ಈರುಳ್ಳಿ ಅಗ್ಗವಾಗಿದ್ದುದರಿಂದ, ಸ್ವಲ್ಪ ಮಾಂಸವನ್ನೇ ಹೆಚ್ಚಾಗಿ ತೋರುವಂತೆ ಮಾಡುವ ಈ ಉಪಾಯ ಆ ದಶಕದಲ್ಲಿ ಹುಟ್ಟಿತೆಂದು ಊರಿನವರು ಹೇಳುತ್ತಾರೆ.

ಅಲ್ಲಿ ಕುಳಿತಾಗ ನನಗೆ ಮದ್ದೂರು ವಡೆ ನೆನಪಾಯಿತು. ಅದೂ ರೈಲಿನಿಂದ ಹೆಸರಾದ ತಿಂಡಿ, ಅಲ್ಲೂ ಹೆಚ್ಚಿದ ಈರುಳ್ಳಿಯೇ ಮುಖ್ಯ, ಅದನ್ನೂ ಕೈಯಿಂದ ತಟ್ಟಿ ಚಪ್ಪಟೆ ಮಾಡುತ್ತಾರೆ. 1917ರಲ್ಲಿ ರಾಮಚಂದ್ರ ಬುಧ್ಯ ಎಂಬವರು ಮದ್ದೂರು ನಿಲ್ದಾಣದಲ್ಲಿ ಮಾರತೊಡಗಿದರೆಂದು ಹೇಳುವ ಈ ವಡೆಯನ್ನು ನಾನು ಬಾಲ್ಯದಲ್ಲಿ ಮೈಸೂರಿಗೆ ಹೋಗುವಾಗಲೆಲ್ಲ ರೈಲಿನ ಕಿಟಕಿಯಿಂದಲೇ ಕೊಂಡು ತಿಂದಿದ್ದೇನೆ. ಆದರೆ ಮದ್ದೂರು ಪೇಟೆಯೊಳಗೆ ಒಂದು ದಿನವೂ ಕಾಲಿಟ್ಟಿಲ್ಲ. ವಡೆ ನಮ್ಮ ಬಳಿಗೆ ಬಂತು, ನಾವು ಅದರ ಊರಿಗೆ ಹೋಗಲಿಲ್ಲ.

ಎರಡೂ ಕಡೆಯ ರೀತಿಗಳಲ್ಲಿ ನಾನು ಕಾಣುವ ನಿಜವಾದ ವ್ಯತ್ಯಾಸ ಇದೇ. ಎಲ್ ರೀನೋವನ್ನು ಹಾಯ್ದು ಹೋಗುತ್ತಿದ್ದ 66ನೇ ಸಂಖ್ಯೆಯ ಹಳೆಯ ಹೆದ್ದಾರಿಯ ಸಂಚಾರವನ್ನು ಊರಿನ ಹೊರಗೇ ಸಾಗುವ ಇಂಟರ್‌ಸ್ಟೇಟ್ 40 ಎಂಬ ಹೊಸ ಹೆದ್ದಾರಿ ಸೆಳೆದುಕೊಂಡಿತು. 1985ರಲ್ಲಿ ಹಳೆಯದನ್ನು ರಾಷ್ಟ್ರೀಯ ಹೆದ್ದಾರಿಗಳ ಪಟ್ಟಿಯಿಂದಲೇ ತೆಗೆದರು. ಆದರೂ ಊರಿನವರು ತಮ್ಮ ಬರ್ಗರ್ ಅನ್ನು ಬಿಟ್ಟುಕೊಡಲಿಲ್ಲ. ಪ್ರತಿವರ್ಷ ಮೇ ತಿಂಗಳ ಮೊದಲ ಶನಿವಾರ ಅದರ ಹೆಸರಿನಲ್ಲಿ ಹಬ್ಬವನ್ನೇ ಮಾಡಿ, ನೂರಾರು ಕಿಲೋ ತೂಗುವ ಬರ್ಗರ್ ಬೇಯಿಸಿ ಬಂದವರಿಗೆಲ್ಲ ಹಂಚುತ್ತಾರೆ. ಹೊರಗಿನವರೂ ದಾರಿ ಬಿಟ್ಟು ಬರುವುದನ್ನು ತೊಂದರೆಯೆಂದು ಎಣಿಸುವುದಿಲ್ಲ. ಈ ಅಭ್ಯಾಸ ನಮಗೂ ಬರಬೇಕೆಂದು ನನಗೆ ಮನಸಾರೆ ಅನ್ನಿಸುತ್ತದೆ, ಏಕೆಂದರೆ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಈಗ ಮದ್ದೂರನ್ನೂ ಬದಿಗಿಟ್ಟು ಸಾಗುತ್ತದೆ, ಹಳೆಯ ರಸ್ತೆಯ ಹೋಟೆಲುಗಳು ಗಿರಾಕಿಗಳಿಗಾಗಿ ಕಾಯುತ್ತಿವೆ. ಬೇಗ ತಲುಪುವುದು ಒಳ್ಳೆಯದೇ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಬಿಸಿ ವಡೆಗಾಗಿ ಅರ್ಧ ಗಂಟೆ ಕೊಡಲಾಗದಷ್ಟು ಅವಸರ ನಮಗಿದೆಯೆಂದು ನಾನು ನಂಬುವುದಿಲ್ಲ.

ಮುಂದಿನ ಡಿಸೆಂಬರಿನಲ್ಲಿ ಊರಿಗೆ ಬಂದಾಗ ಹಳೆಯ ರಸ್ತೆಯಲ್ಲೇ ಮೈಸೂರಿಗೆ ಹೋಗೋಣವೆಂದು ತಮ್ಮನಿಗೆ ಈಗಾಗಲೇ ಹೇಳಿದ್ದೇನೆ. ಮದ್ದೂರಿನಲ್ಲಿ ಕಾರು ನಿಲ್ಲಿಸಿ, ಪೇಟೆಯೊಳಗೆ ನಡೆದು ಹೋಗಿ, ಬಾಣಲೆಯ ಮುಂದೆ ನಿಂತು ವಡೆ ತಟ್ಟುವುದನ್ನು ನೋಡಬೇಕೆಂದಿದ್ದೇನೆ.