201 ಯಾರಪ್ಪನ ಸ್ವತ್ತು?

ನಮ್ಮ ಕಂಪನಿಯ ಮೂರು ಆಫೀಸುಗಳಿಗೆ ಮೂರು ಇಪಿಎಬಿಎಕ್ಸ್, ಅಂದರೆ ಆಫೀಸಿನ ಒಳಗಿನ ಫೋನುಗಳನ್ನು ಒಂದಕ್ಕೊಂದು ಜೋಡಿಸುವ ಪೆಟ್ಟಿಗೆ. ತಮ್ಮ ಪಾಡಿಗೆ ತಾವು ಚೆನ್ನಾಗಿಯೇ ಇದ್ದವು. ಅಷ್ಟರಲ್ಲಿ ಮೇಲಿನವರಿಗೆ ಜ್ಞಾನೋದಯವಾಯಿತು: ಮೂರನ್ನೂ ಸೇರಿಸಿ ಒಂದೇ ನೆಟ್‌ವರ್ಕ್ ಮಾಡಬೇಕು. ಪಕ್ಕದ ಟೇಬಲ್ಲಿನವರ ಜೊತೆ ಮಾತು ಬಿಟ್ಟು ಎರಡು ವರ್ಷ ಆದವರೂ ಚಪ್ಪಾಳೆ ತಟ್ಟಿದರು.

ಜೋಡಿಸುವ ಕೆಲಸ ದೊಡ್ಡದಲ್ಲ. ಮೊದಲೆಲ್ಲ ಆಫೀಸಿನಿಂದ ಆಫೀಸಿಗೆ ಟೈ ಲೈನ್ ಅನ್ನೋ ಪ್ರತ್ಯೇಕ ಲೈನ್ ಎಳೆಯಬೇಕಿತ್ತು, ಈಗ ಇಂಟರ್ನೆಟ್ಟಿನ ಮೂಲಕವೇ ಕರೆ ದಾಟಿಸುವ ಸಿಪ್ ಟ್ರಂಕ್ ಸಾಕು. ಒಂದೇ ಮಧ್ಯಾಹ್ನದಲ್ಲಿ ಮುಗಿಯಿತು. ಜಗಳ ಹತ್ತಿದ್ದು ಡಯಲ್ ಪ್ಲಾನಿನಲ್ಲಿ, ಅಂದರೆ ಯಾವ ನಂಬರ್ ಒತ್ತಿದರೆ ಯಾರಿಗೆ ಹೋಗಬೇಕು ಅನ್ನೋದರಲ್ಲಿ. ಮುಖ್ಯ ಕಚೇರಿಯಲ್ಲಿ 201 ಅಂದರೆ ಎಂಡಿ. ಎರಡನೇ ಆಫೀಸಿನಲ್ಲಿ ಅದೇ 201 ಗೇಟಿನ ಸೆಕ್ಯುರಿಟಿಯವರದು. ಮೂರನೆಯದರಲ್ಲಿ ಫ್ಯಾಕ್ಸ್ ಮಷೀನು.

ಪ್ರತಿ ಆಫೀಸಿಗೂ ಮುಂದೆ ಒಂದೊಂದು ಅಂಕಿ ಸೇರಿಸಿದರೆ ಆಯ್ತಲ್ವಾ? ಆಗಲಿಲ್ಲ. 1 ತಮಗೇ ಬೇಕು ಅಂತ ಮೂವರೂ ಹಟ ಹಿಡಿದರು. 9 ಯಾರಿಗೂ ಕೊಡುವ ಹಾಗಿಲ್ಲ, ಹೊರಗಿನ ಲೈನ್ ಹಿಡಿಯಲು ಅದನ್ನೇ ಒತ್ತಬೇಕು. ಸಮಿತಿ ಆಯಿತು. ಸಮಿತಿಯವರು ಮಾತಾಡಿಕೊಂಡಿದ್ದು ಮೊಬೈಲಿನಲ್ಲಿ.

ಈ ನಡುವೆ ಗ್ರಾಹಕರೊಬ್ಬರು ಫೋನ್ ಮಾಡಿದರು. ಮುಖ್ಯ ಕಚೇರಿಯವರು ಊಟಕ್ಕೆ ಏಳುವಾಗ ಕರೆಗಳನ್ನು ಎರಡನೇ ಆಫೀಸಿಗೆ ತಿರುಗಿಸಿದ್ದರು. ಅಲ್ಲಿಯವರೂ ಊಟಕ್ಕೆ ಏಳುವಾಗ ಮುಖ್ಯ ಕಚೇರಿಗೆ ತಿರುಗಿಸಿದ್ದರು. ಪಾಪದ ಕರೆ ಅಲ್ಲಿಂದಿಲ್ಲಿಗೆ, ಇಲ್ಲಿಂದಲ್ಲಿಗೆ. ಸಿಪ್ ಕರೆಗಳ ನಿಯಮ ಬರೆದವರಿಗೆ ಇದು ಮೊದಲೇ ಗೊತ್ತಿತ್ತು ಅನಿಸುತ್ತದೆ. 2002ರ ನಿಯಮದಲ್ಲೇ ಕರೆಯೊಂದು ಎಷ್ಟು ಕೈ ದಾಟಬಹುದು ಅನ್ನೋದಕ್ಕೆ ಲೆಕ್ಕ ಇಟ್ಟಿದ್ದಾರೆ, ಸಾಮಾನ್ಯವಾಗಿ 70. ಅದು ಮುಗಿದರೆ 483 ಅಂತ ಉತ್ತರ ಬರುತ್ತದೆ. ಅಂದರೆ, ಸುತ್ತಾಟ ಜಾಸ್ತಿ ಆಯ್ತು, ಇನ್ನು ಬಿಡಿ. ಮಷೀನಿಗೂ ಇಷ್ಟು ಮರ್ಯಾದೆ ಇದೆ. ಕೌಂಟರಿನಿಂದ ಕೌಂಟರಿಗೆ ಜನರನ್ನು ಓಡಿಸುವ ನಮ್ಮ ಸಿಬ್ಬಂದಿಗೆ ಅಂಥ ಲೆಕ್ಕವನ್ನು ಯಾರೂ ಬರೆದುಕೊಟ್ಟಿಲ್ಲ.

ಸಮಿತಿ ಇನ್ನೂ ಕೂತಿದೆ. ಆದರೆ 'ಎಂಡಿ: 201' ಅನ್ನೋ ಹೊಸ ಪಟ್ಟಿಯನ್ನು ಮಾತ್ರ ಆಗಲೇ ಮೂರೂ ಕಡೆ ಗೋಡೆಗೆ ಅಂಟಿಸಿಬಿಟ್ಟಿದ್ದಾರೆ. ಮೂರನೇ ಆಫೀಸಿನವರು ಒತ್ತಿದರೆ ಕಿವಿ ಹರಿಯುವ ಹಾಗೆ ಕೀಂ ಅನ್ನುತ್ತದೆ. ಸಾಹೇಬರು ಸಿಟ್ಟಿನಲ್ಲಿದ್ದಾರೆ ಅಂತ ಸುಮ್ನೆ ಇಟ್ಟುಬಿಡುತ್ತಾರೆ. ಎರಡನೇ ಆಫೀಸಿನವರು ರಜೆ ಕೇಳಲು ಒತ್ತಿದರೆ ಗೇಟಿನಿಂದ ದನಿ ಬರುತ್ತದೆ: "ಆಯ್ತು, ಹೋಗಿ ಬನ್ನಿ."

ಅಂಕಿ ಸೇರಿಸೋದು ಬೇಡವೇ ಬೇಡ ಅಂತ ಆ ಆಫೀಸಿನಲ್ಲಿ ಈಗ ಸಹಿ ಸಂಗ್ರಹ ನಡೆಯುತ್ತಿದೆ.