ಕೊಂಕಣ ಸುತ್ತಿ ಮುಂಬೈಗೆ ಬಂದ ಪಿಂಗ್

ಕಳೆದ ತಿಂಗಳು ನಾನು ಸೋತ ಮ್ಯಾಚ್‌ಗಳಲ್ಲಿ ಅರ್ಧಕ್ಕೆ ನಾನು ಕಾರಣ ಅಲ್ಲ. ಹೀಗಂದ್ರೆ ತಮ್ಮ ನಗುತ್ತಾನೆ. ನಗಲಿ. ನನ್ನ ಹತ್ತಿರ ಸ್ಕ್ರೀನ್‌ಶಾಟ್ ಇದೆ.

ನಮ್ಮದು ದಾವಣಗೆರೆ. ಆಡುವುದು ವ್ಯಾಲೊರಂಟ್ ಅನ್ನೋ ಆನ್‌ಲೈನ್ ಶೂಟಿಂಗ್ ಆಟ, ಮುಂಬೈ ಸರ್ವರ್‌ನಲ್ಲಿ. ಪಿಂಗ್ ಅಂದರೆ ನಮ್ಮ ಡೇಟಾ ಸರ್ವರ್‌ಗೆ ಹೋಗಿ ವಾಪಸ್ ಬರಲು ಹಿಡಿಯುವ ಮಿಲಿಸೆಕೆಂಡ್, ಕಮ್ಮಿ ಇದ್ದಷ್ಟು ಒಳ್ಳೆಯದು. ಮಧ್ಯಾಹ್ನ ಕೂತರೆ ಅದು 32, 34. ರಾತ್ರಿ ಊಟ ಮುಗಿಸಿ 9 ಗಂಟೆಗೆ ಕೂತರೆ 104. ಗೋಡೆ ಹಿಂದೆ ಸರಿದು ನಿಂತ ಮೇಲೂ ಗುಂಡು ಬಿದ್ದು ಸಾಯುತ್ತೇನೆ. ನಾನು ಸರಿದ ಸುದ್ದಿ ಸರ್ವರ್‌ಗೆ ಇನ್ನೂ ಮುಟ್ಟಿರುವುದಿಲ್ಲ ಅಲ್ವಾ, ಅದಕ್ಕೆ.

ಇಂಟರ್ನೆಟ್ ಕೊಡುವವರಿಗೆ ಫೋನ್ ಮಾಡಿದೆ. "ಸ್ಪೀಡ್ ಟೆಸ್ಟ್ ಮಾಡಿ ಸರ್" ಅಂದರು. ಮಾಡಿದೆ. 100 ಎಂಬಿಪಿಎಸ್ ಪ್ಲಾನ್‌ಗೆ 97 ಬಂತು. "ಚೆನ್ನಾಗೇ ಬರ್ತಿದೆಯಲ್ಲ ಸರ್! ಬೇಕಿದ್ರೆ 200ರ ಪ್ಲಾನ್ ಹಾಕಿಸ್ಕೊಳ್ಳಿ."

ನನ್ನ ಸಿಟ್ಟು ಇರೋದೇ ಇಲ್ಲಿ. ಆಟಕ್ಕೆ 100 ಎಂಬಿಪಿಎಸ್ ಯಾಕೆ ಬೇಕು? ಆಟ ನಡೆಯುವಾಗ 1 ಎಂಬಿಪಿಎಸ್ ಕೂಡ ಖರ್ಚಾಗುವುದಿಲ್ಲ. ತೋಟಕ್ಕೆ ಎರಡಿಂಚಿನ ಪೈಪ್ ತೆಗೆದು ನಾಲ್ಕಿಂಚಿನದು ಹಾಕಿದರೆ ನೀರು ಜಾಸ್ತಿ ಬರುತ್ತದೆ, ಸರಿ. ಕೆರೆಯೇನು ಹತ್ತಿರ ಬರುತ್ತದಾ?

ಆಮೇಲೆ ನಾನೇ ಒಂದು ರಾತ್ರಿ ಕಂಪ್ಯೂಟರ್‌ನಲ್ಲಿ ಕಮಾಂಡ್ ಬರೆಯುವ ಕಪ್ಪು ಪರದೆ ತೆಗೆದು ಟ್ರೇಸರ್ಟ್ ಅಂತ ಹೊಡೆದು ಸರ್ವರ್‌ನ ಐಪಿ ವಿಳಾಸ ಹಾಕಿದೆ. ನಮ್ಮ ಡೇಟಾ ಯಾವ ಯಾವ ರೂಟರ್ ದಾಟಿ ಹೋಗುತ್ತದೆ ಅಂತ ಒಂದೊಂದೇ ಸಾಲಿನಲ್ಲಿ ತೋರಿಸುತ್ತದೆ. ಮೊದಲ ಸಾಲು ಮನೆಯ ರೂಟರ್, 1 ಮಿಲಿಸೆಕೆಂಡ್. ನಾಲ್ಕನೆಯದು ಬೆಂಗಳೂರು, 11. ಐದನೆಯದು ಚೆನ್ನೈ, 17. ಚೆನ್ನೈ ಯಾಕಪ್ಪಾ ಅಂದುಕೊಳ್ಳುವಷ್ಟರಲ್ಲಿ ಆರನೇ ಸಾಲು ಬಂತು, 51. ಅದರ ಪಕ್ಕದ ರೂಟರ್ ಹೆಸರಿನ ನಡುವೆ ಎಸ್‌ಐಎನ್ ಅಂತ ಮೂರಕ್ಷರ. ನೆಟ್‌ವರ್ಕ್‌ನವರು ರೂಟರ್‌ಗೆ ಹೆಸರಿಡುವಾಗ ಎಷ್ಟೋ ಸಲ ಊರಿನ ವಿಮಾನ ನಿಲ್ದಾಣದ ಕೋಡನ್ನೇ ಸೇರಿಸುತ್ತಾರೆ. ಎಸ್‌ಐಎನ್ ಅಂದರೆ ಸಿಂಗಾಪುರ! ಏಳನೇ ಸಾಲಿನಲ್ಲಿ ಬರೀ ನಕ್ಷತ್ರ, ಅಂದರೆ ಆ ರೂಟರ್ ಉತ್ತರ ಕೊಡಲಿಲ್ಲ. ಎಂಟರಲ್ಲಿ ಬಿಒಎಂ, ಮುಂಬೈ, 103.

ಕೊಂಕಣ ಸುತ್ತಿ ಮೈಲಾರಕ್ಕೆ ಬಂದ ಹಾಗೆ ಅಂತ ಅಜ್ಜಿ ಹೇಳುತ್ತಿದ್ದರು. ಇದು ಕೊಂಕಣವನ್ನೂ ಮೀರಿಸಿತು. ನಾನಿನ್ನೂ ಪಾಸ್‌ಪೋರ್ಟ್ ಮಾಡಿಸಿಲ್ಲ, ನನ್ನ ಡೇಟಾ ದಿನಾ ರಾತ್ರಿ ಸಿಂಗಾಪುರ ನೋಡಿಕೊಂಡು ಬರುತ್ತಿದೆ.

ಲೆಕ್ಕವೂ ಕೂಡುತ್ತದೆ. ಫೈಬರ್ ಒಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ. ಹೋಗಿ ಬರುವುದಕ್ಕೆ 100 ಕಿ.ಮೀ.ಗೆ 1 ಮಿಲಿಸೆಕೆಂಡ್ ಅಂತ ಹಿಡಿಯಿರಿ. ಇಲ್ಲಿಂದ ಬೆಂಗಳೂರು, ಅಲ್ಲಿಂದ ಮುಂಬೈ ಅಂದರೂ ಸಾವಿರದ ಚಿಲ್ಲರೆ ಕಿ.ಮೀ. ಕೇಬಲ್ ಅಂಕುಡೊಂಕಾಗಿ ಹೋಗುತ್ತದೆ, ರೂಟರ್‌ಗಳಲ್ಲಿ ಒಂದಿಷ್ಟು ತಡವಾಗುತ್ತದೆ, ಎಲ್ಲ ಸೇರಿ 30 ಆಸುಪಾಸು. ಚೆನ್ನೈನಿಂದ ಸಿಂಗಾಪುರಕ್ಕೆ ಸಮುದ್ರದ ಕೇಬಲ್‌ನಲ್ಲೇ 3,000 ಕಿ.ಮೀ. ಮೇಲಾಗುತ್ತದೆ. ವಾಪಸ್ ಮುಂಬೈಗೆ ಇನ್ನೂ ಜಾಸ್ತಿ. ಈ ತಡವನ್ನು ಯಾವ ಪ್ಲಾನೂ ಕಮ್ಮಿ ಮಾಡಲ್ಲ.

ಹೀಗ್ಯಾಕೆ ಆಗುತ್ತದೆ? ಇಂಟರ್ನೆಟ್‌ನಲ್ಲಿ ದಾರಿ ಆರಿಸುವ ಬಿಜಿಪಿ ಅನ್ನೋ ಪದ್ಧತಿಗೆ ಕಿಲೋಮೀಟರ್ ಗೊತ್ತಿಲ್ಲ, ಮಿಲಿಸೆಕೆಂಡೂ ಗೊತ್ತಿಲ್ಲ. ಮೊದಲು ನೋಡುವುದು ಆ ಕಂಪನಿಯವರು ಯಾವ ದಾರಿಗೆ ಆದ್ಯತೆ ಕೊಟ್ಟಿದ್ದಾರೆ ಅಂತ. ಆಮೇಲೆ ಎಷ್ಟು ನೆಟ್‌ವರ್ಕ್ ದಾಟಬೇಕು ಅಂತ. ಆದ್ಯತೆ ಎಲ್ಲಿಂದ ಬರುತ್ತದೆ? ಬಹಳ ಸಲ ದುಡ್ಡಿನಿಂದ. ಯಾವ ಲಿಂಕ್ ಅಗ್ಗ, ಯಾವುದರಲ್ಲಿ ಜಾಗ ಖಾಲಿ ಇದೆ, ಅಷ್ಟೇ. ಇಲ್ಲಿನ ಟ್ರಾಫಿಕ್ ಇಲ್ಲೇ ಕೈ ಬದಲಾಗಲಿ, ಹೊರದೇಶ ಸುತ್ತುವುದು ಬೇಡ ಅಂತಲೇ ನಮ್ಮಲ್ಲಿ 2003ರಲ್ಲಿ ನಿಕ್ಸಿ ಅನ್ನೋ ಇಂಟರ್ನೆಟ್ ಎಕ್ಸ್‌ಚೇಂಜ್ ಶುರುವಾಗಿದ್ದು. ಆದರೆ ಎಕ್ಸ್‌ಚೇಂಜ್ ಇದ್ದ ಮಾತ್ರಕ್ಕೆ ಎಲ್ಲರೂ ಅಲ್ಲಿ ಬಂದು ಕೈ ಕುಲುಕಬೇಕು ಅಂತೇನಿಲ್ಲ. ನೆಟ್‌ವರ್ಕ್ ಕೆಲಸದಲ್ಲಿರುವ ಗೆಳೆಯನಿಗೆ ಸ್ಕ್ರೀನ್‌ಶಾಟ್ ಕಳಿಸಿದೆ. "ಸಂಜೆ ಲೋಡ್ ಏರಿದಾಗ ಒಂದಷ್ಟು ಟ್ರಾಫಿಕ್ ಬೇರೆ ಲಿಂಕಿಗೆ ತಳ್ತಿರಬೇಕು, ಮಗಾ. ಮತ್ತೆ ಇದು ಹೋಗೋ ದಾರಿ ಮಾತ್ರ, ಬರೋ ದಾರಿ ಬೇರೆನೇ ಇರಬಹುದು" ಅಂದ. ಅದೊಂದು ಬೇರೆ ತಲೆನೋವು.

ವ್ಯಾಲೊರಂಟ್ ಮಾಡಿದ ರಯಟ್ ಕಂಪನಿಗೂ ಅಮೆರಿಕದಲ್ಲಿ ಇದೇ ಗೋಳಿತ್ತು. ಅವರ ಲೀಗ್ ಆಫ್ ಲೆಜೆಂಡ್ಸ್ ಸರ್ವರ್‌ಗಳು ಪಶ್ಚಿಮ ತುದಿಯ ಪೋರ್ಟ್‌ಲ್ಯಾಂಡ್‌ನಲ್ಲಿದ್ದವು. ಪೂರ್ವದವರು ಆಡಲಾಗದೆ ಬೈಯುತ್ತಿದ್ದರು. 2015ರ ಆಗಸ್ಟ್‌ನಲ್ಲಿ ಅವನ್ನು ನಡುಮಧ್ಯದ ಶಿಕಾಗೋಗೆ ತಂದರು. ಅದರ ಜೊತೆಗೆ ರಯಟ್ ಡೈರೆಕ್ಟ್ ಅಂತ ಸ್ವಂತ ನೆಟ್‌ವರ್ಕನ್ನೂ ಕಟ್ಟಿ, ಇಂಟರ್ನೆಟ್ ಕಂಪನಿಗಳ ಜೊತೆ ನೇರವಾಗಿ ಜೋಡಿಸಿಕೊಂಡರು. ಒಂದು ಆಟದ ಕಂಪನಿ ಕೇಬಲ್ ದಾರಿಯ ಚಿಂತೆ ಮಾಡಬೇಕಾಯಿತು ನೋಡಿ.

ಇನ್ನೊಂದು ತಮಾಷೆ. ವಿಪಿಎನ್, ಅಂದರೆ ನಮ್ಮ ಡೇಟಾವನ್ನು ಇನ್ನೊಬ್ಬರ ಸರ್ವರ್ ಮೂಲಕ ಕಳಿಸುವ ಸೇವೆ, ಹಾಕಿದರೆ ಪಿಂಗ್ ಏರುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ನಾನು ಬೆಂಗಳೂರಿನ ವಿಪಿಎನ್ ಹಾಕಿದೆ, 104 ಇದ್ದಿದ್ದು 41ಕ್ಕೆ ಇಳಿಯಿತು. ಅವರ ನೆಟ್‌ವರ್ಕ್ ಬೇರೆ, ಅವರ ದಾರಿ ಬೇರೆ. ಅಂದರೆ ನೆಟ್ಟಗಿನ ದಾರಿ ಇದ್ದೇ ಇದೆ. ತಿಂಗಳಿಗೆ ಇನ್ನೊಂದಿಷ್ಟು ಕೊಟ್ಟು ನಾನೇ ಅದನ್ನು ಕೊಳ್ಳಬೇಕು. ಯಾಕೆ ಕೊಳ್ಳಬೇಕು?

ಅದಿರಲಿ, ಎಂಟು ಆಂಟೆನಾದ ಗೇಮಿಂಗ್ ರೂಟರ್ ಕೊಳ್ಳೋ ಮುಂಚೆ ಒಂದ್ಸಲ ಟ್ರೇಸರ್ಟ್ ಹೊಡೆಯಿರಿ. ವೈಫೈನಿಂದಲೂ ಪಿಂಗ್ ಏರುತ್ತದೆ, ಸುಳ್ಳಲ್ಲ. ಅದು ಒಂದನೇ ಸಾಲಿನಲ್ಲೇ ಗೊತ್ತಾಗುತ್ತದೆ.

ನನ್ನ ದೂರಿಗೆ ಮೊನ್ನೆ ಮೆಸೇಜ್ ಬಂತು, "ನಿಮ್ಮ ಸಮಸ್ಯೆ ಪರಿಹರಿಸಲಾಗಿದೆ". ಆವತ್ತು ರಾತ್ರಿ ಪಿಂಗ್ 106. ದಾವಣಗೆರೆಯವರು ಯಾರಾದರೂ ಇದೇ ತೊಂದರೆ ಅನುಭವಿಸುತ್ತಿದ್ದರೆ ರಾತ್ರಿ 9ರ ಮೇಲೆ ಟ್ರೇಸರ್ಟ್ ತೆಗೆದು ನನಗೆ ಕಳಿಸಿ. ಒಂದು ಹತ್ತು ಆದರೂ ಸಾಕು, ಎಲ್ಲ ಪ್ರಿಂಟ್ ತೆಗೆಸಿ ಸೋಮವಾರ ಅವರ ಆಫೀಸಿಗೆ ಹೋಗುತ್ತೇನೆ.