ಗಾರ್ಡ್ ಬಿಚ್ಚಿದ್ದು ಯಾರು ಮಾರಾಯ್ರೆ?

ಉಡುಪಿಯಲ್ಲಿ ನಾವು ಕೆಲವರು ಸೇರಿ ಮರಗೆಲಸಕ್ಕೆ ಬಾಡಿಗೆಗೆ ಹಿಡಿದ ಶೆಡ್ಡಿನಲ್ಲಿ ಒಂದು ಟೇಬಲ್ ಸಾ ಉಂಟು, ಅಂದರೆ ಮೇಜಿನ ನಡುವಿನಿಂದ ದುಂಡು ಬ್ಲೇಡ್ ಮೇಲೆ ಬಂದಿರುವ ಮರ ಕೊಯ್ಯುವ ಮೆಷಿನ್. ಮೆಷಿನ್ನು ಎಲ್ಲರದ್ದು, ಬ್ಲೇಡಿಗೆ ಕೈ ತಾಗದ ಹಾಗೆ ಮುಚ್ಚುವ ಅದರ ಗಾರ್ಡ್ ಮಾತ್ರ ಯಾರದ್ದೂ ಅಲ್ಲ. ಬೆಳಿಗ್ಗೆ ಬ್ಲೇಡಿನ ಮೇಲಿರುತ್ತದೆ, ಮಧ್ಯಾಹ್ನಕ್ಕೆ ಕಿಟಕಿಯಲ್ಲಿ ಕೂತಿರುತ್ತದೆ. ಕೇಳಿದರೆ ಎಲ್ಲರದ್ದೂ ಒಂದೇ ಉತ್ತರ: "ನಾನು ಬರುವಾಗ್ಲೇ ಇರ್ಲಿಲ್ಲ ಮಾರಾಯ್ರೆ."

ಆದರೆ ನನಗೆ ಬ್ಲೇಡಿಗಿಂತ ಹೆದರಿಕೆ ಸಹಾಯ ಮಾಡುವವರದ್ದು. ಉದ್ದದ ಹಲಗೆ ಕೊಯ್ಯಲು ಶುರು ಮಾಡಿದರೆ ಸಾಕು, ಆಚೆ ಬದಿಯಿಂದ ಯಾರಾದರೂ ಬಂದು ಎಳೆಯುತ್ತಾರೆ. ಹಲಗೆ ಜೋಲದ ಹಾಗೆ ಕೆಳಗಿನಿಂದ ಆಧಾರ ಕೊಟ್ಟರೆ ಸಾಕು, ಎಳೆಯುವುದು ಬೇಡ. ಎಳೆದರೆ ಅದು ಓರೆಯಾಗಿ, ಹಲಗೆ ನೇರ ಹೋಗಲೆಂದು ಬದಿಗಿರುವ ಫೆನ್ಸ್‌ಗೂ ಬ್ಲೇಡಿಗೂ ನಡುವೆ ಸಿಕ್ಕಿಕೊಳ್ಳುತ್ತದೆ. ಸಿಕ್ಕಿದ್ದನ್ನು ಬ್ಲೇಡ್ ತಳ್ಳುವವರ ಕಡೆಗೇ ವಾಪಸ್ ಎಸೆಯುತ್ತದೆ. 10 ಇಂಚಿನ ಬ್ಲೇಡ್ ನಿಮಿಷಕ್ಕೆ 4000 ಸುತ್ತು ತಿರುಗಿದರೆ ಅದರ ಹಲ್ಲಿನ ವೇಗ ಗಂಟೆಗೆ ಸುಮಾರು 190 ಕಿಲೋಮೀಟರ್. ನಮ್ಮ ಎಕ್ಸ್‌ಪ್ರೆಸ್ ಬಸ್ಸಿನವರಿಗೂ ಅಷ್ಟು ಅರ್ಜೆಂಟಿಲ್ಲ.

ಮಳೆಗಾಲದಲ್ಲಿ ಒಮ್ಮೆ ಹೀಗೇ ಹಲಸಿನ ರೀಪೊಂದು ಹಾರಿ ಹಿಂದಿನ ತಗಡಿನ ಗೋಡೆಗೆ ಚುಚ್ಚಿ ನಿಂತಿತು. ಕೊಯ್ಯುತ್ತಿದ್ದವರಿಗೆ ಏನೂ ಆಗಲಿಲ್ಲ. ಬ್ಲೇಡಿನ ನೇರಕ್ಕೆ ಮಾಡು ಸೋರುತ್ತಿತ್ತು, ಹಾಗಾಗಿ ಅವರು ಬದಿಗೆ ಸರಿದು ನಿಂತಿದ್ದರು. ಎಳೆದ ಪುಣ್ಯಾತ್ಮರು "ನಾನು ಗಟ್ಟಿಯಾಗಿಯೇ ಹಿಡಿದಿದ್ದೆ" ಅಂದರು. ಆ ಸೋರುವ ಹಂಚು ಬದಲಿಸುವ ಮಾತನ್ನು ಆಮೇಲೆ ಯಾರೂ ಎತ್ತಿಲ್ಲ.

ಕರೆಂಟಿನ ಕಥೆ ಬೇರೆ. ಕೊಯ್ಯುವಾಗ ಕರೆಂಟ್ ಹೋಯಿತು ಅಂದರೆ ಎಲ್ಲರೂ ಚಾ ಕುಡಿಯಲು ಹೊರಗೆ. ಸ್ವಿಚ್ ಆಫ್ ಮಾಡುವವರು ಯಾರು? ಒಂದು ದಿನ ಯಾರೋ ಗೋಳಿಬಜೆ ಕಟ್ಟನ್ನು ಬ್ಲೇಡಿನ ಪಕ್ಕದಲ್ಲೇ ಇಟ್ಟು ಹೋಗಿದ್ದರು. ಕರೆಂಟ್ ಬಂತು, ಮೆಷಿನ್ ತನ್ನಷ್ಟಕ್ಕೇ ಚಾಲೂ ಆಯಿತು, ಚಟ್ನಿ ಗೋಡೆಗೆ ಹೋಯಿತು. ಅಲ್ಲಿ ಬೆರಳಿದ್ದಿದ್ದರೆ? ಮರುವಾರವೇ ನೋ-ವೋಲ್ಟ್ ಸ್ವಿಚ್ ಹಾಕಿಸಿದೆವು. ಈಗ ಕರೆಂಟ್ ಬಂದರೂ ಹಸಿರು ಗುಂಡಿ ಒತ್ತದೆ ಬ್ಲೇಡ್ ತಿರುಗುವುದಿಲ್ಲ. ಬೆರಳಿನ ಬಗ್ಗೆ ಹೇಳಿದ್ದಕ್ಕಿಂತ ಗೋಳಿಬಜೆ ಹೋದದ್ದೇ ಜಾಸ್ತಿ ಕೆಲಸ ಮಾಡಿತು ಅಂತ ನನ್ನ ಅನುಮಾನ.

ಮೊನ್ನೆ ಮೀಟಿಂಗಿನಲ್ಲಿ ಒಬ್ಬರು ಅಮೆರಿಕದ ಸಾಸ್ಟಾಪ್ ಮೆಷಿನ್ನಿನ ವಿಡಿಯೋ ತೋರಿಸಿದರು. 1999ರಲ್ಲಿ ಸ್ಟೀವ್ ಗ್ಯಾಸ್ ಎಂಬವರು ಕಂಡುಹಿಡಿದದ್ದು. ಚರ್ಮ ತಾಗಿದರೆ ಸೆಕೆಂಡಿನ 200ರಲ್ಲಿ ಒಂದು ಪಾಲಿನೊಳಗೆ ಅಲ್ಯೂಮಿನಿಯಂ ತುಂಡೊಂದು ಬ್ಲೇಡಿಗೆ ಕಚ್ಚಿಕೊಂಡು ನಿಲ್ಲಿಸುತ್ತದೆ. ಬೆರಳು ಉಳಿಯುತ್ತದೆ, ಬ್ಲೇಡ್ ಮತ್ತು ಬ್ರೇಕ್ ಹೊಸತು ಹಾಕಬೇಕು. ತೀರಾ ಒದ್ದೆ ಮರ ತಾಗಿದರೂ ಅದು ಬೆರಳೇ ಅಂದುಕೊಳ್ಳುವುದುಂಟು.

"ಅದರ ಖರ್ಚು ಯಾರು ಕೊಡುವುದು?" ಖಜಾಂಚಿಯವರ ಪ್ರಶ್ನೆ.

"ಬೆರಳು ಯಾರದ್ದೋ ಅವರೇ."

"ಒದ್ದೆ ಮರಕ್ಕೆ ನಿಂತರೆ?"

ಅದರ ತೀರ್ಮಾನ ಮುಂದಿನ ಮೀಟಿಂಗಿಗೆ ಹೋಗಿದೆ.